ಓಲೆ ಉಳಿದರೆ ಗಂಡು, ಹರಿದರೆ ಹೆಣ್ಣು

ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲು, ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದಿಂದ ಹೆಸರಾದ ಊರು. ಹೊಯ್ಸಳ ಶಿಲ್ಪಿಗಳು ಅಲ್ಲಿ ಕಲ್ಲಿನಲ್ಲಿ ಬಿಡಿಸಿರುವ ಕುಸುರಿಯನ್ನು ಕಂಡು ಬೆರಗಾಗದವರಿಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಕುಸುರಿಯೊಂದು ಅದೇ ಮಂಡ್ಯ ಜಿಲ್ಲೆಯ ರೇಷ್ಮೆ ಸಾಕಣೆಯ ಮನೆಗಳಲ್ಲಿ, ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುವಿನ ಮೈಯೊಳಗೆ, ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರುತ್ತದೆ.

ಜೀವಕೋಶದ ನಡುಮನೆಯಲ್ಲಿ ಡಿ.ಎನ್.ಎ. ಎಂಬ ಮೂಲಗ್ರಂಥವಿದೆ. ಅದು ಹೊಸಿಲು ದಾಟುವುದಿಲ್ಲ. ಬೇಕಾದ ಭಾಗದ ನಕಲು ಮಾತ್ರ ಓಲೆಯಾಗಿ ಹೊರಬರುತ್ತದೆ. ಈ ಓಲೆಯೇ ಸಂದೇಶವಾಹಕ ಆರ್.ಎನ್.ಎ. ಅದನ್ನು ಓದಿ ಜೀವಕೋಶವು ಪ್ರೋಟೀನನ್ನು ತಯಾರಿಸುತ್ತದೆ. ಆದರೆ ಓಲೆ ಬರೆದಾಯಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಯಾವ ಓಲೆಯನ್ನು ಜೋಪಾನ ಮಾಡಬೇಕು, ಯಾವುದರ ಸಾಲುಗಳನ್ನು ಕತ್ತರಿಸಿ ಜೋಡಿಸಬೇಕು, ಯಾವುದನ್ನು ಓದುವ ಮೊದಲೇ ಹರಿದೊಗೆಯಬೇಕು ಎಂಬ ನಿರ್ಧಾರಗಳೆಲ್ಲ ಆಮೇಲೆ ಆಗತಕ್ಕವು. ರೇಷ್ಮೆಹುಳುವಿನಲ್ಲಿ ಈ ಮೂರನ್ನೂ ಕಾಣಬಹುದು.

ಮೊದಲನೆಯದು ಜೋಪಾನ. ನಾಲ್ಕನೆಯ ಜ್ವರದಿಂದೆದ್ದ ಹುಳು ಬಕಾಸುರನಂತೆ ಸೊಪ್ಪು ತಿಂದು, ಫೈಬ್ರಾಯಿನ್ ಎಂಬ ರೇಷ್ಮೆ ಪ್ರೋಟೀನನ್ನು ತನ್ನ ಗ್ರಂಥಿಯಲ್ಲಿ ತುಂಬಿಕೊಳ್ಳುತ್ತದೆ. 1972ರಲ್ಲಿ ಅಮೆರಿಕದ ಕಾರ್ನೆಗೀ ಸಂಸ್ಥೆಯಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಸಂಗಡಿಗರು ಇದರ ಲೆಕ್ಕ ಹಾಕಿದರು. ಒಂದೊಂದು ಜೀನಿನಿಂದ ಸುಮಾರು 10,000 ಓಲೆಗಳು. ಒಂದೊಂದು ಓಲೆಯಿಂದ ಸುಮಾರು 1,00,000 ಪ್ರೋಟೀನು ಅಣುಗಳು. ಕೆಲವೇ ದಿನಗಳಲ್ಲಿ ಒಟ್ಟು 100 ಕೋಟಿ! ಬ್ಯಾಕ್ಟೀರಿಯಗಳಲ್ಲಿ ಇಂಥ ಓಲೆಗಳ ಆಯುಸ್ಸು ಸಾಮಾನ್ಯವಾಗಿ ಕೆಲವು ನಿಮಿಷ ಮಾತ್ರ. ರೇಷ್ಮೆಯ ಓಲೆ ದಿನಗಟ್ಟಲೆ ಬಾಳುವುದರಿಂದಲೇ ಈ ಐಶ್ವರ್ಯ.

ಹರಿದೊಗೆಯುವ ಕಥೆ ಇನ್ನೂ ಸೋಜಿಗದ್ದು. ಮನುಷ್ಯರಲ್ಲಿ ಎರಡು ಬಗೆಯ ಲಿಂಗವರ್ಣತಂತುಗಳಿರುವುದು ಗಂಡಿಗೆ, ರೇಷ್ಮೆಹುಳುವಿನಲ್ಲಿ ಹೆಣ್ಣಿಗೆ. ಗಂಡಿನಲ್ಲಿ ಎರಡೂ ‘ಜಡ್’. ಹೆಣ್ಣಿನಲ್ಲಿ ಒಂದು ‘ಜಡ್’, ಒಂದು ‘ಡಬ್ಲ್ಯು’. ಈ ‘ಡಬ್ಲ್ಯು’ ಇದ್ದರೆ ಹುಳು ಹೆಣ್ಣಾಗುವುದೇಕೆ? ಉತ್ತರ ದೊರೆತದ್ದು 2014ರಲ್ಲಿ, ಟೋಕಿಯೋ ವಿಶ್ವವಿದ್ಯಾಲಯದ ಸುಸುಮು ಕತ್ಸುಮಾ ಮತ್ತು ಅವರ ಸಂಗಡಿಗರಿಂದ. ಅವರು ಕಂಡದ್ದು ಯಾವುದೋ ಮಹಾ ಪ್ರೋಟೀನನ್ನಲ್ಲ. ಬರಿಯ 29 ಅಕ್ಷರಗಳ ಆರ್.ಎನ್.ಎ. ಚೂರೊಂದನ್ನು. ‘ಜಡ್’ ತಂತುವಿನಿಂದ ಹೊರಡುವ, ಗಂಡುತನವನ್ನು ವಿಧಿಸುವ ಓಲೆಯನ್ನು ಈ ಚೂರು ಗುರುತು ಹಿಡಿಯುತ್ತದೆ. ಅದರ ಜೊತೆಗಿರುವ ಪ್ರೋಟೀನು ಆ ಓಲೆಯನ್ನು ತುಂಡರಿಸುತ್ತದೆ.

ಇಷ್ಟಾದ ಬಳಿಕ ಕತ್ತರಿಸಿ ಜೋಡಿಸುವ ಕೆಲಸ. ‘ಡಬಲ್‌ಸೆಕ್ಸ್’ ಎಂಬ ಜೀನಿನ ಓಲೆ ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಒಂದೇ ತೆರನಾಗಿ ನಕಲಾಗುತ್ತದೆ. ಹೆಣ್ಣಿನಲ್ಲಿ ಅದರ ಕೆಲವು ಸಾಲುಗಳು ಉಳಿಯುತ್ತವೆ. ಗಂಡುತನದ ಓಲೆ ಹರಿಯದೆ ಉಳಿದಲ್ಲಿ ಅವೇ ಸಾಲುಗಳನ್ನು ಬಿಟ್ಟು ಮಿಕ್ಕವನ್ನು ಹೆಣೆಯಲಾಗುತ್ತದೆ. ಬರಹ ಒಂದೇ, ಹೊಲಿಗೆ ಬೇರೆಯಾದುದರಿಂದ ಒಡಲೇ ಬೇರೆಯಾಯಿತು.

ಇದರಿಂದ ರೈತನಿಗೇನು ಎಂದು ಕೇಳಬಹುದು. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಈ ಭೇದವೇ ಬದುಕು. ನಮ್ಮ ಮಿಶ್ರತಳಿ ಹುಟ್ಟುವುದು ಶುದ್ಧ ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನು ಸಿ.ಎಸ್.ಆರ್.-2ರಂಥ ದ್ವಿತಳಿಯ ಗಂಡಿನೊಡನೆ ಕೂಡಿಸಿದಾಗ. ಆ ಸಿ.ಎಸ್.ಆರ್. ತಳಿಗಳು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಕೊಡುಗೆ. ಚಿಟ್ಟೆ ಹೊರಬರುವ ಮೊದಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸದಿದ್ದರೆ ಅವು ತಮ್ಮ ತಳಿಯೊಳಗೇ ಕೂಡಿಬಿಡುತ್ತವೆ. ಮಿಶ್ರತಳಿಯ ಕಸುವು ಕೈತಪ್ಪುತ್ತದೆ. ನಷ್ಟ ರೈತನ ಗೂಡಿನಲ್ಲಿ ತೋರುತ್ತದೆ. ಆದುದರಿಂದ ಗೂಡು ಕೊಯ್ದು ತೆಗೆದ ಪ್ಯೂಪವನ್ನು ಒಂದೊಂದಾಗಿ ಮಗುಚಿ ನೋಡುತ್ತಾರೆ. ಹೊಟ್ಟೆಯ ಎಂಟನೆಯ ಉಂಗುರದಲ್ಲಿ ಕತ್ತರಿಯಾಕಾರದ ಗೆರೆಯಿದ್ದರೆ ಹೆಣ್ಣು. ಒಂಬತ್ತನೆಯದರಲ್ಲಿ ಚುಕ್ಕೆಯಿದ್ದರೆ ಗಂಡು.

ದಿನವೆಲ್ಲ ಕುಳಿತು ಆ ಗೆರೆಯನ್ನೂ ಚುಕ್ಕೆಯನ್ನೂ ಬೇರ್ಪಡಿಸುವ ಕೈಗಳಿಗೆ 29 ಅಕ್ಷರಗಳ ಸುದ್ದಿ ತಿಳಿದಿರಬೇಕಾಗಿಲ್ಲ. ಆದರೂ ಆ ಕೈಗಳು ಆರಿಸುತ್ತಿರುವುದು, ಮೊಟ್ಟೆಯೊಳಗೆ ಎಂದೋ ಹರಿದ ಅಥವಾ ಹರಿಯದೆ ಉಳಿದ ಓಲೆಯೊಂದರ ಫಲವನ್ನೇ.