ಕಾಣದ ಪೈಪಿಗೆ ಯಾಕೆ ದುಡ್ಡು?

ಹಳೇ ಅಂಬಾಸಿಡರ್ ಕಂಡರೆ ನಮಗೆಲ್ಲ ಕಣ್ಣು ತುಂಬಿ ಬರುತ್ತೆ. ಕೆನೆ ಬಣ್ಣ ಹೊಡೆಸಿ, ಬಂಪರ್‌ಗೆ ಕ್ರೋಮ್ ಹಾಕಿಸಿ, ಗೆಳೆಯನ ಮದುವೆಗೆ ಹೂವು ಕಟ್ಟಿ ಕಳಿಸಿ, ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕ್ತೀವಿ. ಬ್ರೇಕ್ ಪೈಪು ಬದಲಾಯಿಸಿದ್ದು ಯಾವಾಗ ಅಂತ ಕೇಳಿ ನೋಡಿ. ಒಬ್ಬನಿಗೂ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ, ಅದಕ್ಕೇ ಬೈಯುವ ಹಕ್ಕು ನನಗಿದೆ.

ನಮ್ಮ ಗಾಡಿ 1986ರದ್ದು. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ, ಜಿಲ್ಲೆಗಿಂತ ಗಾಡಿಗೇ ವಯಸ್ಸು ಜಾಸ್ತಿ. ಹೋದ ವರ್ಷ ಅಪ್ಪ ರಾಣೆಬೆನ್ನೂರಿಂದ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೊರಟಿದ್ದರು. ಮೋಟೆಬೆನ್ನೂರಿನ ಹತ್ತಿರ ಹೈವೇ ಬಿಟ್ಟು ತಿರುಗುವಾಗ ಪೆಡಲ್ ಸೀದಾ ನೆಲಕ್ಕೆ. ಸಿಂಗಲ್ ಸರ್ಕ್ಯೂಟ್ ಬ್ರೇಕು. ಒಂದು ಕಡೆ ಆಯಿಲ್ ಹರಿದುಹೋದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಾಗ, ಮುಂದಿದ್ದ ಚೀಲ ತುಂಬಿದ ಟ್ರ್ಯಾಕ್ಟರಿಗೆ ಒಂದು ಮೊಳ ಬಾಕಿ ಇತ್ತಂತೆ.

ಹಿಂದಿನ ಚಕ್ರಗಳ ಪೈಪು ಗಾಡಿಯ ಹೊಟ್ಟೆಗೆ ಅಂಟಿಕೊಂಡು ಹೋಗುತ್ತೆ. ಕ್ಲಿಪ್ಪಿನ ಸಂದಿಯಲ್ಲಿ ಎರೆಮಣ್ಣು ಕೂತು, ನೀರು ಹಿಡಿದು, ಉಕ್ಕಿನ ಪೈಪಿಗೆ ಅಲ್ಲೇ ತುಕ್ಕು. ಅಲ್ಲಿಗೆ ಕೈ ಹೋಗಲ್ಲ, ಸ್ಪ್ಯಾನರ್ ತಿರುಗಲ್ಲ. ಎರಡು ವರ್ಷದ ಹಿಂದೆ ಅಲ್ಲೇ ಸೋರಿದಾಗ, ತುಕ್ಕಿನ ಭಾಗ ಕತ್ತರಿಸಿ ಫ್ರಿಜ್ ರಿಪೇರಿಯವರ ತಾಮ್ರದ ಪೈಪಿನ ತುಂಡು ಬೆಸೆದಿದ್ದರು. ತಾಮ್ರ ಸುಲಭವಾಗಿ ಬಗ್ಗುತ್ತೆ, ನಿಜ. ಆದರೆ ಗಾಡಿ ನಡುಗಿದಷ್ಟೂ ಗಡುಸಾಗಿ ಒಂದು ದಿನ ಬಿರುಕು ಬಿಡುತ್ತೆ.

ಗ್ಯಾರೇಜಿನವರಿಗೆ ಬೈಯೋಣ ಅಂದುಕೊಂಡೆ. ಬೆಂಗಳೂರಲ್ಲಿ ಕೂತು 'ಜುಗಾಡ್' ಅಂತ ನಗೋದು ನಮಗೆ ಅಭ್ಯಾಸ ತಾನೇ? ಆದರೆ "ಪೂರ್ತಿ ಲೈನ್ ಬ್ಯಾಡ ಕಾಕಾ, ಸದ್ಯಕ್ಕ ಓಡೂ ಹಂಗ ಮಾಡ್ರಿ" ಅಂತ ಫೋನಿನಲ್ಲಿ ಹೇಳಿದವನು ನಾನೇ. ಅದೇ ತಿಂಗಳು ಬಣ್ಣಕ್ಕೆ ನಲವತ್ತು ಸಾವಿರ ಕೊಟ್ಟಿದ್ದೆ, ಚೌಕಾಸಿ ಕೂಡ ಮಾಡದೆ.

ಈ ಸಲ ಗಾಡಿಯನ್ನು ಹಾವೇರಿಗೆ ಎಳೆಸಿಕೊಂಡು ಹೋದೆವು. ವಯಸ್ಸಾದ ಮಿಸ್ತ್ರಿಯೊಬ್ಬರು ಎರಡು ದಿನ ಅದರ ಕೆಳಗೆ ಮಲಗಿದರು. ಸೈಲೆನ್ಸರ್ ಇಳಿಸಿ, ಹಳೇ ಪೈಪನ್ನು ಆಕಾರ ಕೆಡದಂತೆ ಬಿಚ್ಚಿ, ಅದನ್ನೇ ಅಳತೆಗಿಟ್ಟು ಹೊಸ ಉಕ್ಕಿನ ಪೈಪು ಬಗ್ಗಿಸಿದರು. ನಡುವೆ ಎಲ್ಲೂ ಬೆಸುಗೆ ಇಲ್ಲ. ತುದಿ ಅರಳಿಸಿದ್ದು ಒಂದಿಷ್ಟು ಓರೆಯಾದರೂ ಸೋರುತ್ತೆ ಅಂತ ಒಂದು ತುದಿಯನ್ನು ಮೂರು ಸಲ ಕತ್ತರಿಸಿ ಮತ್ತೆ ಮಾಡಿದರು. ಕೊನೆಗೆ ಹೊಸ ಆಯಿಲ್ ಹಾಕಿ ಏರ್ ತೆಗೆದರು. ಹಳೇದು ಗಾಳಿಯ ತೇವ ಹೀರಿ ಪೈಪನ್ನು ಒಳಗಿಂದಲೂ ತಿನ್ನುತ್ತಂತೆ.

"ಮ್ಯಾಲಿನ ಬಣ್ಣಕ್ಕ ಎಲ್ಲಾರೂ ರೊಕ್ಕಾ ಕೊಡ್ತಾರ ತಮ್ಮಾ, ಕೆಳಗ ಮಲಗಿದ್ದಕ್ಕ ಯಾರೂ ಕೊಡಂಗಿಲ್ಲ" ಅಂದರು. ಲ್ಯಾಪ್‌ಟಾಪ್ ಮುಂದೆ ಕೂತ ಗಂಟೆಗಂಟೆಗೂ ಬಿಲ್ ಮಾಡುವ ನಾವು, ಗಾಡಿ ಕೆಳಗೆ ಮಲಗಿದವರ ಗಂಟೆಗೆ ಮಾತ್ರ "ಸ್ವಲ್ಪ ನೋಡ್ಕೊಳ್ಳಿ" ಅಂತೀವಿ. ಅವರು ತುಂಡು ಬೆಸೆಯದೆ ಇನ್ನೇನು ಮಾಡಬೇಕು?

ಸೀಟ್ ಕವರಿಗೆ ಅಂತ ಇಟ್ಟಿದ್ದ ದುಡ್ಡು ಮಿಸ್ತ್ರಿ ಕೂಲಿಗೆ ಹೋಯಿತು. ಅಪ್ಪ ಈಗ ಹರಕು ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಬ್ಯಾಡಗಿಗೆ ಹೋಗಿಬರುತ್ತಾರೆ.