ಬಿಸಿಲೇರಿದರೆ ಹಿಮ ಜಾರೀತು!

2023ರ ಏಪ್ರಿಲ್ 4. ಸಿಕ್ಕಿಂನ ಗ್ಯಾಂಗ್‌ಟಕ್‌ನಿಂದ ನಾಥು ಲಾ ಕಣಿವೆಗೆ ಹೋಗುವ ರಸ್ತೆ. ಹಗಲು ಹೊತ್ತಿನಲ್ಲೇ ಹಿಮರಾಶಿ ಕುಸಿದು ಪ್ರವಾಸಿಗರ ಮೇಲೆರಗಿತು. ಏಳು ಮಂದಿ ಸತ್ತರು. ಚಳಿಗಾಲ ಕಳೆದರೆ ಹಿಮಕುಸಿತದ ಭಯವೂ ಕಳೆಯಿತು ಎಂಬ ನಂಬಿಕೆ ಸರಿಯಲ್ಲ. ವಸಂತದ ಬಿಸಿಲು ಬೇರೆಯದೇ ಅಪಾಯ ತರುತ್ತದೆ.

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆಯಲ್ಲ. ಚಳಿಗಾಲದುದ್ದಕ್ಕೂ ಬಿದ್ದ ಹಿಮ ಪದರ ಪದರವಾಗಿ ಕೂತಿರುತ್ತದೆ. ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಬಿಸಿಲೇರಿದಾಗ ಮೇಲ್ಪದರ ಕರಗಿ, ನೀರು ಒಳಕ್ಕೆ ಜಿನುಗಿ ಈ ಬೆಸುಗೆಯನ್ನು ಸಡಿಲಿಸುತ್ತದೆ. ಕೆಳಗೆ ಗಟ್ಟಿ ಪದರವೋ ನುಣುಪು ಬಂಡೆಯೋ ಅಡ್ಡ ಬಂದರೆ ನೀರು ಅಲ್ಲೇ ಹರಡುತ್ತದೆ. ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರುವಂತೆ ಮೇಲಿನ ಹಿಮ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಈ ಅಪಾಯ ಹೆಚ್ಚು.

ಒಣ ಹಿಮದ ಕುಸಿತ ಗಂಟೆಗೆ 100 ಕಿ.ಮೀ. ವೇಗವನ್ನೂ ಮೀರಬಹುದು. ಒದ್ದೆ ಹಿಮ ಅದಕ್ಕಿಂತ ನಿಧಾನ. ಆದರೆ ಕಲಸಿದ ಸಿಮೆಂಟಿನಂತೆ ಭಾರ, ನಿಂತೊಡನೆ ಗಟ್ಟಿಯಾಗುತ್ತದೆ. ಅದರಲ್ಲಿ ಹುದುಗಿದವರಿಗೆ ಕೈ ಆಡಿಸುವುದೂ ಕಷ್ಟ. ಮೊದಲ ಹತ್ತು–ಹದಿನೈದು ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಬದುಕುವ ಆಸೆ ಬೇಗ ಕ್ಷೀಣಿಸುತ್ತದೆ.

ಈ ಅಪಾಯಕ್ಕೆ ಹೊತ್ತುಗೊತ್ತು ಇದೆ. ಆಕಾಶ ತಿಳಿಯಾಗಿದ್ದ ರಾತ್ರಿ ಹಿಮ ಮತ್ತೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಮುಂಜಾನೆ ಗಟ್ಟಿಯಾಗಿದ್ದ ಇಳಿಜಾರೇ ಮಧ್ಯಾಹ್ನ ಮೃತ್ಯುವಾಗಬಹುದು. ಪೂರ್ವದ ಇಳಿಜಾರು ಮೊದಲು ಸಡಿಲವಾಗುತ್ತದೆ, ನಂತರ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಮೋಡ ಕವಿದ ರಾತ್ರಿ ಮಾತ್ರ ಕಂಬಳಿ ಹೊದಿಸಿದಂತೆ. ಹಿಮ ಹೆಪ್ಪುಗಟ್ಟದೆ ಬೆಳಿಗ್ಗೆಯೇ ಅಪಾಯ ಕಾದಿರುತ್ತದೆ.

ಬೆಟ್ಟ ಮುನ್ಸೂಚನೆಯನ್ನೂ ಕೊಡುತ್ತದೆ. ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ, ಇಟ್ಟ ಕಾಲು ಮೊಣಕಾಲಿನವರೆಗೆ ಹೂತರೆ, ಆ ಜಾಗ ಬಿಟ್ಟು ಸಮತಟ್ಟಾದ ಕಡೆಗೆ ಸರಿಯಬೇಕು. ಅನುಭವಿಗಳು ನಸುಕಿಗೆ ಮುಂಚೆಯೇ ಹೊರಟು, ಬಿಸಿಲು ಬಲಿಯುವ ಮೊದಲೇ ಹಿಮದ ಇಳಿಜಾರು ದಾಟಿಬಿಡುತ್ತಾರೆ. ಹಿಮಾಲಯದ ಹಿಮಕುಸಿತದ ಬಗ್ಗೆ ಚಂಡೀಗಢದಲ್ಲಿರುವ ಡಿ.ಆರ್.ಡಿ.ಒ. ಸಂಸ್ಥೆಯೊಂದು ಮುನ್ನೆಚ್ಚರಿಕೆ ನೀಡುತ್ತದೆ.

ಏಪ್ರಿಲ್–ಮೇ ರಜೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳೂ ಹಿಮಾಲಯ ಚಾರಣಕ್ಕೆ ಹೋಗುತ್ತಾರೆ. ಸ್ವೆಟರು, ಬೂಟುಗಳ ಪಟ್ಟಿ ಪರಿಶೀಲಿಸುವ ತಂದೆ–ತಾಯಂದಿರು ಚಾರಣದ ಮುಖಂಡನಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: 'ಮಕ್ಕಳು ಹಿಮದ ಇಳಿಜಾರು ದಾಟುವುದು ಎಷ್ಟು ಗಂಟೆಗೆ?' ಅದಕ್ಕೆ ಖಚಿತ ಉತ್ತರ ಸಿಗದಿದ್ದರೆ ಹಣ ಕಟ್ಟುವ ಮುನ್ನ ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು.