ಎರಡೇ ಪೆಟ್ಟಿಗೆ ಎಂಬ ಸಬೂಬು

ಕಲ್ಲು ಕ್ವಾರಿಯ ವಹಿವಾಟಿನಲ್ಲಿ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. “ಏನ್ ಸ್ವಾಮಿ, ಇರೋದೇ ಎರಡು ಪೆಟ್ಟಿಗೆ. ಇಷ್ಟಕ್ಕೆಲ್ಲ ಯಾಕೆ ಬೋರ್ಡು ಗೀರ್ಡು?” ಹೀಗೆಂದು ಟಾರ್ಪಾಲು ಎಳೆದು, ಹಗ್ಗ ಬಿಗಿದು, ಗಾಡಿ ಹೊರಡಿಸಿದರೆ ಮುಗಿಯಿತು. ಹಿಂದೆ ಬರುವ ಬಸ್ಸಿನವನಿಗೂ ಗೊತ್ತಿಲ್ಲ, ಪಕ್ಕದಲ್ಲಿ ಬೀಡಿ ಹಚ್ಚುವ ಪುಣ್ಯಾತ್ಮನಿಗೂ ಗೊತ್ತಿಲ್ಲ, ಮುಂದಿರುವುದು ಮರಳೋ ಮದ್ದೋ ಎಂದು.

ಎರಡು ಪೆಟ್ಟಿಗೆ ಎಂದರೆ ಎಷ್ಟು? ಜಿಲೆಟಿನ್ ಪೆಟ್ಟಿಗೆ ಸಾಮಾನ್ಯವಾಗಿ 25 ಕಿಲೋ ತೂಗುತ್ತದೆ. 125 ಗ್ರಾಂ ಕಡ್ಡಿಯಾದರೆ ಒಂದರಲ್ಲಿ 200 ಕಡ್ಡಿ, ಎರಡರಲ್ಲಿ 400. ಒಂದೊಂದು ಕಡ್ಡಿಯೂ ಬಂಡೆ ಸೀಳಲೆಂದೇ ತಯಾರಾದದ್ದು. ಬಂಡೆಯನ್ನೇ ಸೀಳುವ ವಸ್ತು ಟೆಂಪೋದ ತಗಡಿಗೆ ಹೆದರುತ್ತದೆಯೇ?

ಈ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ, ಕಲ್ಲು ಕ್ರಷರ್ ಬಳಿ, ಸ್ಫೋಟಕ ತುಂಬಿದ್ದ ಲಾರಿ ಸಿಡಿಯಿತು. ಕನಿಷ್ಠ ಐವರು ಸತ್ತರು. ಕಿಟಕಿ ಗಾಜು ಉದುರಿದವು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯವರೆಗೂ ನೆಲ ನಡುಗಿ, ಜನ ಭೂಕಂಪವೆಂದೇ ಮನೆಯಿಂದ ಹೊರಗೋಡಿ ಬಂದರು. ಅದಾಗಿ ಒಂದು ತಿಂಗಳು ಕಳೆದಿತ್ತಷ್ಟೇ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವೇಲಿ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಹೋದರು. ಕದ್ದುಮುಚ್ಚಿ ಇಟ್ಟಿದ್ದ ಸರಕನ್ನು ವಿಲೇವಾರಿ ಮಾಡಲು ಹೋದಾಗ ಹೀಗಾಯಿತೆಂದು ಆಗ ಸರಕಾರವೇ ಹೇಳಿತು.

ನಿಯಮ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1884ರ ಸ್ಫೋಟಕ ಕಾಯಿದೆ ಇದೆ. ಅದರಡಿ 2008ರ ನಿಯಮಾವಳಿ ಇದೆ. ಮದ್ದು ಸಾಗಿಸುವ ವ್ಯಾನಿಗೇ ಪ್ರತ್ಯೇಕ ಪರವಾನಗಿ ಇದೆ. ಇನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬೋರ್ಡಿನ ಅಳತೆಯನ್ನೂ ಬಿಟ್ಟಿಲ್ಲ. ಅಪಾಯದ ಗುರುತಿನ ಚೌಕ 250 ಮಿಲಿಮೀಟರಿಗೆ ಕಡಿಮೆ ಇರಕೂಡದು. ಸರಕಿನ ಹೆಸರು 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿರಬೇಕು. ವರ್ಗದ ಸಂಖ್ಯೆ 100 ಮಿಲಿಮೀಟರ್ ಇರಬೇಕು. ಬೆಂಕಿ ಬಿದ್ದರೆ ಯಾರಿಗೆ ಫೋನು ಮಾಡಬೇಕೆಂಬ ನಂಬರೂ ಅಲ್ಲೇ ಕಾಣಬೇಕು. ಚಾಲಕನಿಗೆ ಓದು ಬರಹ ಬರಬೇಕು, ತರಬೇತಿಯ ಸರ್ಟಿಫಿಕೇಟೂ ಬೇಕು.

ಸ್ಫೋಟಕದ ಗುರುತು ಓದು ಬಾರದವನಿಗೂ ತಿಳಿಯುವಂಥದು. ಕಿತ್ತಳೆ ಬಣ್ಣದ ಹಿನ್ನೆಲೆ, ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರಲ್ಲಿ ಸಿಡಿಯುತ್ತಿರುವ ಗುಂಡಿನ ಕಪ್ಪು ಚಿತ್ರ, ಕೆಳಗೆ 1 ಎಂಬ ಅಂಕಿ. ದನ ಕಾಯುವ ಹುಡುಗನೂ ಅದನ್ನು ಕಂಡರೆ ದೂರ ಸರಿಯುತ್ತಾನೆ.

“ಸ್ವಲ್ಪವೇ ಸರಕು” ಎನ್ನುವವರು ಅಮೆರಿಕದ ರಸ್ತೆ ಸಾಗಣೆ ನಿಯಮವನ್ನು ನೋಡಲಿ. ಅಲ್ಲಿ ಸ್ಫೋಟಕವನ್ನು ತೂಕದಿಂದಲ್ಲ, ಗುಣದಿಂದ ಅಳೆಯುತ್ತಾರೆ. ಪೆಟ್ಟಿಗೆಯೊಳಗೇ ಬಹುಪಾಲು ಅಪಾಯ ಮುಗಿಯುವಂಥ ಸಾಧಾರಣ ಸರಕಿಗೆ 454 ಕಿಲೋ ತನಕ ಬೋರ್ಡಿನ ವಿನಾಯಿತಿ ಉಂಟು. ಜಿಲೆಟಿನ್‌ನಂತೆ ಇಡೀ ರಾಶಿ ಒಮ್ಮೆಗೇ ಸಿಡಿಯುವ ಸರಕಾದರೆ ಎಷ್ಟೇ ಕಡಿಮೆ ಇದ್ದರೂ ಬೋರ್ಡು ಬೇಕೇ ಬೇಕು. ಎರಡು ಪೆಟ್ಟಿಗೆಯ ಸಬೂಬು ಅಲ್ಲಿ ನಡೆಯುವುದಿಲ್ಲ. ಇಲ್ಲಿ ಯಾಕೆ ನಡೆಯಬೇಕು?

ಬೋರ್ಡು ಇರುವುದು ಆರ್.ಟಿ.ಓ. ಸಾಹೇಬರ ಕಣ್ಣಿಗಾಗಿ ಎಂದು ಹಲವರ ಎಣಿಕೆ. ಅದು ತಪ್ಪು. ಅದು ಇರುವುದು ಅಗ್ನಿಶಾಮಕ ದಳದ ಹುಡುಗರಿಗಾಗಿ. ಸಾಮಾನ್ಯ ಲಾರಿಗೆ ಬೆಂಕಿ ಬಿದ್ದರೆ ಅವರು ಪೈಪು ಹಿಡಿದು ಹತ್ತಿರ ಓಡುತ್ತಾರೆ. ಮದ್ದಿನ ಸರಕಿಗೇ ಬೆಂಕಿ ತಾಗಿದ್ದರೆ ಹತ್ತಿರ ಹೋಗಕೂಡದು, ಜನರನ್ನು ದೂರ ಕಳಿಸಬೇಕು. ಅಮೆರಿಕ, ಕೆನಡಾದ ಅಗ್ನಿಶಾಮಕರ ಕೈಪಿಡಿ ಇಂಥ ಹೊತ್ತಿನಲ್ಲಿ ಸುತ್ತ 1,600 ಮೀಟರ್ ಖಾಲಿ ಮಾಡಿಸಿ ಎನ್ನುತ್ತದೆ. ಹತ್ತಿರ ಓಡಬೇಕೋ ದೂರ ಓಡಬೇಕೋ ಎಂದು ತಿಳಿಸುವುದು ಆ ಒಂದು ಅಂಗೈಯಗಲದ ತಗಡು. ಅದಿಲ್ಲದಿದ್ದರೆ ಕರ್ತವ್ಯನಿಷ್ಠನೇ ಮೊದಲು ಸಾಯುತ್ತಾನೆ.

ಬೋರ್ಡು ಹಾಕಿದರೆ ಕಳ್ಳರ ಕಣ್ಣು ಬೀಳುತ್ತದೆ, ದಾರಿಯುದ್ದಕ್ಕೂ ಕೈಚಾಚುವವರು ಅಡ್ಡ ಬರುತ್ತಾರೆ ಎಂಬ ದೂರೂ ಉಂಟು. ಅದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಕೈಚಾಚುವವನನ್ನು ಹಿಡಿಯಬೇಕೇ ಹೊರತು ಬೋರ್ಡು ಕಿತ್ತಿಡುವುದಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೇ?

ಒಳಗುಟ್ಟು ಬೇರೆ ಇದೆ. ಬೋರ್ಡು ಇಲ್ಲದ ಗಾಡಿಗೆ ಹಲವು ಸಲ ಪರವಾನಗಿಯೂ ಇರುವುದಿಲ್ಲ. ಪರವಾನಗಿ ಇಲ್ಲದವನು ಬೋರ್ಡು ಹಾಕಿದರೆ ತನ್ನ ಕಳ್ಳತನವನ್ನು ತಾನೇ ಸಾರಿದಂತೆ. ಸಣ್ಣ ಕ್ವಾರಿಯವನಿಗೆ, ಬಾವಿ ತೋಡಿಸುವ ರೈತನಿಗೆ ಬೇಕಾಗುವುದು ನಾಲ್ಕಾರು ಕಡ್ಡಿ. ಅದಕ್ಕಾಗಿ ಅವನು ಸ್ವಂತ ವ್ಯಾನು ಕೊಳ್ಳಲಾರ, ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆಯವರೆಗೂ ಕಾಗದ ಓಡಿಸಲಾರ. ಆದ್ದರಿಂದ ಜೀಪಿನ ಸೀಟಿನಡಿ, ಬೈಕಿನ ಚೀಲದಲ್ಲಿ, ಕೇಪು ಮದ್ದು ಎರಡನ್ನೂ ಒಟ್ಟಿಗೇ ಕಟ್ಟಿಕೊಂಡು ಹೊರಡುತ್ತಾನೆ. ಕೇಪನ್ನೂ ಮದ್ದನ್ನೂ ಒಂದೆಡೆ ಇಡಬಾರದೆಂಬುದು ಈ ಕಸುಬಿನ ಮೊದಲ ಪಾಠ!

ಬರೀ ದಂಡ ಹಾಕಿದರೆ ಈ ಸಾಗಣೆ ಕತ್ತಲೆಗೆ ಇನ್ನಷ್ಟು ಜಾರುತ್ತದೆ. ಪರವಾನಗಿ ಇರುವ ವ್ಯಾನೇ ವಾರಕ್ಕೆ ಗೊತ್ತಾದ ದಿನ ಕ್ವಾರಿ ಬಾಗಿಲಿಗೆ ಹೋಗಿ, ಲೆಕ್ಕ ಬರೆಸಿ ಸರಕು ಕೊಟ್ಟು, ಉಳಿದದ್ದನ್ನು ವಾಪಸು ತರುವ ಏರ್ಪಾಟಾಗಲಿ. ಅಂಥ ವ್ಯಾನುಗಳ ನಂಬರುಗಳನ್ನು ಜಿಲ್ಲಾಧಿಕಾರಿಗಳ ಕಚೇರಿ ಪ್ರತಿ ಠಾಣೆಗೂ ಅಗ್ನಿಶಾಮಕ ದಳಕ್ಕೂ ಕಳಿಸಲಿ. ಖಾಲಿ ಬರುವಾಗ ಬೋರ್ಡು ಮುಚ್ಚಿಸಲಿ. ಸದಾ ತೂಗಾಡುವ ಬೋರ್ಡನ್ನು ಯಾರೂ ನಂಬುವುದಿಲ್ಲ. ಆಮೇಲೂ ಟಾರ್ಪಾಲಿನಡಿ ಮದ್ದು ಸಿಕ್ಕರೆ ಎರಡು ಪೆಟ್ಟಿಗೆಯಾಗಲಿ, ಎರಡು ಕಡ್ಡಿಯಾಗಲಿ, ಮುಲಾಜು ಬೇಡ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಸರಕಾರಿ ಸಂಪ್ರದಾಯ. ಹುಣಸೋಡಿನಲ್ಲಿ ಕೋಟೆ ಒಂದು ಸಲ ಸೂರೆ ಹೋಗಿದೆ. ಬಾಗಿಲು ಹಾಕಿದ್ದೀರಾ ಎಂದು ಜನ ಕೇಳಿದರೆ ಜಿಲ್ಲಾಡಳಿತ ಉತ್ತರ ಕೊಡಬೇಕಾಗುತ್ತದೆ.